ಬಾಲ್ಕನಿಯ ಅಡುಗೆಮನೆ

ಎಲೆಕ್ಟ್ರಿಷಿಯನ್ ದೆಯಾನ್ ಮೊದಲ ಸಲ ಆ ಅಡುಗೆಮನೆ ಕಪಾಟಿನ ಅಂಗಡಿಗೆ ಬಂದದ್ದು ಜಗಳ ಆಡುವುದಕ್ಕೆಂದೇ. ಮೈಮೇಲೆಲ್ಲ ಸಿಮೆಂಟಿನ ಪುಡಿ, ಕೈಯಲ್ಲಿ ಮುದುರಿ ಹೋದ ಒಂದು ನಕ್ಷೆ. ಈ ನಕ್ಷೆ ಮಾಡಿದ ಪುಣ್ಯಾತ್ಮರು ಯಾರು ಎಂದು ಬಾಗಿಲಲ್ಲೇ ನಿಂತು ಕೇಳಿದ.

ಅಂಗಡಿಯ ಒಡತಿ ಸ್ತೆಫ್ಕಾ ಮೂಲೆಯ ಕಡೆ ಕೈ ತೋರಿಸಿದಳು. ಅಲ್ಲಿ ಕಂಪ್ಯೂಟರಿನ ಮುಂದೆ ಗಲಿನಾ ಕೂತಿದ್ದಳು. ರುಸೆ ಊರಿನ ಎಷ್ಟೋ ಅಡುಗೆಮನೆಗಳು ಹುಟ್ಟಿದ್ದು ಆ ಮೂಲೆಯಲ್ಲೇ. ಮನೆ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಗೋಡೆ ಎಬ್ಬಿಸಿ, ಕಪಾಟು ಕೂರಿಸಿ, ಒಲೆ, ಸಿಂಕು ಇಟ್ಟು, ಗಿರಾಕಿಗಳಿಗೆ ಅವರ ಮನೆಯನ್ನೇ ತಿರುಗಿಸಿ ತೋರಿಸುವುದು ಅವಳ ಕೆಲಸ. ಗಂಡ ಹೆಂಡತಿ ಕಪಾಟಿನ ಬಣ್ಣಕ್ಕೆ ಕಿತ್ತಾಡುವಾಗ ಸುಮ್ಮನೆ ಕೂತು ಕಾಯುವುದೂ ಅದರಲ್ಲೇ ಸೇರಿತ್ತು.

"ಮೇಡಂ, ನೀವು ತೋರಿಸಿದ ಕಡೆನೇ ಪ್ಲಗ್ ಪಾಯಿಂಟ್‌ಗೆ ಡ್ರಿಲ್ ಹಾಕಿದೆ," ಅಂದ ದೆಯಾನ್. "ಡ್ರಿಲ್ ಆಚೆ ಬಂತು. ಈಗ ಆ ತೂತಲ್ಲಿ ಕಣ್ಣಿಟ್ರೆ ಬಸ್ ಸ್ಟಾಪ್ ಕಾಣತ್ತೆ. ಅಲ್ಲಿ ನಿಂತಿದ್ದ ಅಜ್ಜಿ ನನಗೆ ಕೈ ಬೇರೆ ಬೀಸಿದ್ರು."

ಎಡವಟ್ಟು ಎಲ್ಲಾಯಿತು ಎಂದು ಗಲಿನಾಗೆ ತಕ್ಷಣ ತಿಳಿಯಿತು. ಊರಿನ ಹಳೆಯ ಕಾಂಕ್ರೀಟ್ ಕಟ್ಟಡಗಳಲ್ಲಿ ಅಡುಗೆಮನೆ ಅಂದರೆ ಅಂಗೈಯಗಲ. ಅದಕ್ಕೇ ಎಲ್ಲರೂ ಬಾಲ್ಕನಿಗೆ ಗಾಜು ಹಾಕಿಸಿ ಒಲೆಯನ್ನು ಅಲ್ಲಿಗೆ ದೂಡುತ್ತಾರೆ. ಸಾಫ್ಟ್‌ವೇರ್ ಬರೆದವರು ಯಾವ ಸೀಮೆಯವರೋ, ಅವರಿಗೆ ಈ ಪದ್ಧತಿ ಗೊತ್ತಿಲ್ಲ. ಅದರ ಲೆಕ್ಕದಲ್ಲಿ ಬಾಲ್ಕನಿ ಅಂದರೆ ಮನೆಯ ಹೊರಗೆ. ಅಲ್ಲಿ ಒಲೆ ಇಟ್ಟರೆ ಅದು ಸೀದಾ ಕೆಳಗಿನ ಹುಲ್ಲಿನ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ಗಲಿನಾ ಸಾಫ್ಟ್‌ವೇರಿಗೆ ಸುಳ್ಳು ಹೇಳುತ್ತಿದ್ದಳು. ಬಾಲ್ಕನಿಯನ್ನು ಮಲಗುವ ಕೋಣೆ ಎಂದು ನಂಬಿಸಿ, ಸುತ್ತ ದಪ್ಪ ಗೋಡೆ ಎಬ್ಬಿಸಿ, ಪ್ರಿಂಟ್ ತೆಗೆಯುವ ಮುಂಚೆ ಆ ಗೋಡೆಯನ್ನು ತೆಳ್ಳಗೆ ಮಾಡುತ್ತಿದ್ದಳು. ಈ ಸಲ ಅದು ಮರೆತುಹೋಗಿತ್ತು.

"ಹೌದು, ನನ್ನ ತಪ್ಪು," ಅಂದಳು. "ಸರಿ ಮಾಡಿ ಕೊಡ್ತೀನಿ, ಕೂತ್ಕೊಳ್ಳಿ."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದವನು ಬೆಪ್ಪಾಗಿ ನಿಂತ. ಅವಳು ಸಿಡುಕಿದ್ದರೆ ಇವನೂ ಸಿಡುಕುತ್ತಿದ್ದ, ನಾಚಿದ್ದರೆ ದೊಡ್ಡ ಮನಸ್ಸು ಮಾಡುತ್ತಿದ್ದ. ಇವಳು ಎರಡೂ ಮಾಡದೆ ಗೋಡೆ ತೆಳ್ಳಗೆ ಮಾಡುತ್ತಾ ಕೂತಳು. ಕೊನೆಗೆ ಅವನು ಜೇಬಿನಿಂದ ಫೋನ್ ತೆಗೆದು, ಎಲ್ಲಾದರೂ ಒಂದು ಪ್ಲಗ್ ಸಿಗುತ್ತದೆಯೇ, ಚಾರ್ಜ್ ಮುಗಿದಿದೆ ಎಂದು ಕೇಳಿದ. ಊರಿಗೆಲ್ಲ ಕರೆಂಟು ಕೊಡುವವನ ಫೋನೇ ಸತ್ತಿದೆಯಲ್ಲ ಎಂದು ಸ್ತೆಫ್ಕಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನ ಹುಬ್ಬಿನ ಮೇಲೂ ಸಿಮೆಂಟಿನ ಪುಡಿ ಇದ್ದುದನ್ನು ಗಲಿನಾ ನೋಡಿದಳು. ನೋಡಿದಳು, ಅಷ್ಟೆ.

ಎಲ್ಲವನ್ನೂ ಅವಳು ನೋಡುತ್ತಿದ್ದದ್ದು ಹಾಗೆಯೇ. ಗಂಡ ವೆಸೆಲಿನ್ ಲಾರಿ ಓಡಿಸಲೆಂದು ಜರ್ಮನಿಗೆ ಹೋಗಿದ್ದ. ಮೊದಮೊದಲು ದಿನಾ ಫೋನ್ ಮಾಡುತ್ತಿದ್ದ, ಆಮೇಲೆ ಭಾನುವಾರ ಮಾತ್ರ, ಆಮೇಲೆ ಹಬ್ಬಕ್ಕೆ. ಕೊನೆಗೆ ಅಲ್ಲೇ ಒಬ್ಬಳ ಜೊತೆ ಮನೆ ಮಾಡಿದ್ದೇನೆ ಎಂದು ತಾನೇ ಹೇಳಿದ. ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿದ ದಿನ ಗಲಿನಾಗೆ ಅಳು ಬರಲಿಲ್ಲ. ಬರುತ್ತದೆಂದು ಸಂಜೆಯವರೆಗೆ ಕಾದಳು, ಬರಲಿಲ್ಲ. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಅವಳಿಗೆ ಒಳಗೆಲ್ಲ ಜೋಮು ಹಿಡಿದಿತ್ತು. ಅದು ಅವಳಿಗೆ ಅಷ್ಟೇನೂ ಕೆಟ್ಟದೆನಿಸಲಿಲ್ಲ. ನೋವಂತೂ ಇರಲಿಲ್ಲ.

ದೆಯಾನ್ ಮತ್ತೆ ಬಂದ. ಈ ಸಲ ಕರೆಸಿದ್ದು ಸ್ತೆಫ್ಕಾ. ಚಳಿ ಶುರುವಾದ ಮೇಲೆ ಗಲಿನಾಳ ಕಂಪ್ಯೂಟರ್ ಇದ್ದಕ್ಕಿದ್ದಂತೆ ಆರಿ ಹೊತ್ತಿಕೊಳ್ಳುತ್ತಿತ್ತು, ಉಳಿಸದ ನಕ್ಷೆಗಳೆಲ್ಲ ಮಣ್ಣುಪಾಲು. ಅವನು ಮೇಜಿನ ಕೆಳಗೆ ತೂರಿ ನೋಡಿದರೆ ಹೀಟರು, ಕಾಫಿ ಯಂತ್ರ, ಕಂಪ್ಯೂಟರು ಮೂರೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ಜೋತುಬಿದ್ದಿದ್ದವು. ಹೀಟರಿಗೆ ಬೇರೆ ಲೈನ್ ಎಳೆದ ಮೇಲೆ ಆ ಕಾಟ ನಿಂತಿತು. ಆದರೂ ನಕ್ಷೆಯನ್ನು ತಿರುಗಿಸಿದಾಗಲೆಲ್ಲ ಸಾಫ್ಟ್‌ವೇರ್ ಸ್ತಬ್ಧವಾಗುತ್ತಿತ್ತು. ಇದೂ ಕರೆಂಟಿನದೇ ಕಾಟ ಎಂದು ಅವನು ಮತ್ತೆ ಮೇಜಿನ ಕೆಳಗೆ ಹೊರಟ. ಗಲಿನಾ ಅವನನ್ನು ತಡೆದು, ಹೊಸ ಅಪ್‌ಡೇಟ್ ಬಂದ ಮೇಲೆ ಅದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಬಿಟ್ಟು ಸಾಧಾರಣದ್ದನ್ನು ಹಿಡಿದುಕೊಂಡಿದೆ ಎಂದು ಹೇಳಿ, ಸೆಟಿಂಗ್ಸಿನಲ್ಲಿ ಬದಲಾಯಿಸಿದಳು. ಪರದೆಯ ಮೇಲಿನ ಮನೆ ಬುಗುರಿಯಂತೆ ತಿರುಗಿತು.

ದೆಯಾನ್ ನೆಲದ ಮೇಲೆ ಕೂತಲ್ಲಿಂದಲೇ ಅದನ್ನು ನೋಡಿದ, ಆಮೇಲೆ ಅವಳನ್ನು ನೋಡಿದ. ಮನೆಯನ್ನು ನೋಡಿದ್ದಕ್ಕಿಂತ ಅವಳನ್ನು ನೋಡಿದ್ದೇ ಹೆಚ್ಚಾಯಿತು.

"ನನಗೂ ಇದನ್ನ ಹೇಳಿಕೊಡ್ತೀರಾ?" ಎಂದು ಕೇಳಿದ. "ವೈರು ಎಲ್ಲಿ ಹೋಗತ್ತೆ ಅಂತ ಗೋಡೆ ಮೇಲೆ ಪೆನ್ಸಿಲಲ್ಲಿ ಗೀಚ್ತೀನಿ. ಬಣ್ಣ ಹೊಡೆಯೋರು ಬಂದು ಅಳಿಸಿಬಿಡ್ತಾರೆ."

ಹೇಳಿಕೊಡುತ್ತೇನೆ ಅಂದಳು. ಬೇಡ ಅನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕಲ್ಲ.

ಹಾಗೆ ಅವನು ಕೆಲಸ ಮುಗಿಸಿ ಬರತೊಡಗಿದ. ಚೀಸ್ ತುಂಬಿ ಬೇಯಿಸಿದ ಬಾನಿಟ್ಸಾವನ್ನು ಕಾಗದದಲ್ಲಿ ಸುತ್ತಿ ಬಿಸಿಬಿಸಿ ತರುತ್ತಿದ್ದ, ಅದರ ಎಣ್ಣೆಗೈಯಲ್ಲೇ ಮೌಸ್ ಹಿಡಿದು ಬೈಸಿಕೊಳ್ಳುತ್ತಿದ್ದ. ಬಂದ ಕೂಡಲೇ ಮಾಡುವ ಮೊದಲ ಕೆಲಸ ಫೋನ್ ಚಾರ್ಜಿಗೆ ಹಾಕುವುದು. ಅವನು ಬರೆದ ಮನೆಗಳಲ್ಲಿ ವಾಸ ಮಾಡಲು ದೇವರೇ ಬರಬೇಕು. ಸ್ನಾನದ ತೊಟ್ಟಿ ಗೋಡೆ ಸೀಳಿಕೊಂಡು ಪಕ್ಕದ ಮನೆಯಲ್ಲಿ ಇಣುಕುತ್ತಿತ್ತು, ಮಂಚ ಚಾವಣಿಗೆ ಅಂಟಿತ್ತು. ಒಂದು ದಿನ ಎಚ್ಚರದಿಂದ, ನಾಲಿಗೆ ಕಚ್ಚಿಕೊಂಡು, ಬಾಲ್ಕನಿಯಲ್ಲಿ ಫ್ರಿಜ್ ಇಟ್ಟ. ಅದು ಧೊಪ್ಪೆಂದು ಕೆಳಗಿನ ಹುಲ್ಲಿನ ಮೇಲೆ ಹೋಗಿ ನಿಂತಿತು.

"ಹಾಲು ಬೇಕಾದ್ರೆ ಮೆಟ್ಟಿಲು ಇಳಿದು ಹೋಗಿ ತರಬೇಕು," ಅಂದ ಗಂಭೀರವಾಗಿ.

ಗಲಿನಾಳ ತುಟಿಯಂಚು ಅಲುಗಿತು. ಅವನು ಅದನ್ನು ಕಂಡ. ಕಂಡದ್ದು ಅವಳಿಗೆ ಗೊತ್ತಾಗಬಾರದೆಂದು ಕಣ್ಣನ್ನು ಬೇಗ ಪರದೆಗೆ ತಿರುಗಿಸಿದ, ಆದರೆ ಕಿವಿ ಕೆಂಪಾದದ್ದನ್ನು ಎಲ್ಲಿಗೆ ತಿರುಗಿಸುವುದು? ಸ್ತೆಫ್ಕಾ ಇದೆಲ್ಲವನ್ನೂ ಗಲ್ಲಾಪೆಟ್ಟಿಗೆಯ ಹಿಂದಿನಿಂದ ನೋಡುತ್ತಿದ್ದಳು. ಅವನು ಹೋದ ಮೇಲೆ, ಆ ಹುಡುಗನಿಗೆ ಸಾಫ್ಟ್‌ವೇರ್ ಕಲಿಯುವ ಆಸೆ ಎಳ್ಳಷ್ಟೂ ಇಲ್ಲ, ನಿನಗೆ ಕಣ್ಣು ಕಾಣಿಸುವುದಿಲ್ಲವೇ ಎಂದು ಗದರಿದಳು. ಕಾಣಿಸುತ್ತದೆ ಅಕ್ಕಾ, ಆದರೆ ಏನೂ ಅನಿಸುವುದಿಲ್ಲ ಎಂದು ಗಲಿನಾ ಇದ್ದದ್ದನ್ನೇ ಹೇಳಿದಳು.

ಊರಿಗೆಲ್ಲ ಅಡುಗೆಮನೆ ಮಾಡುವ ನಿಮ್ಮ ಅಡುಗೆಮನೆ ಹೇಗಿದೆ ಎಂದು ಒಮ್ಮೆ ದೆಯಾನ್ ಕೇಳಿದ. ಅರ್ಧ ಆಗಿದೆ ಅಂದಳು. ವೆಸೆಲಿನ್ ಜರ್ಮನಿಗೆ ಹೋಗುವ ಮುಂಚೆ ಬಾಲ್ಕನಿಗೆ ಗಾಜು ಹಾಕಿಸಿ, ಒಲೆಯನ್ನು ಅಲ್ಲಿಗೆ ಸಾಗಿಸಿ, ಉಳಿದದ್ದನ್ನು ಬಂದು ಮಾಡುತ್ತೇನೆ ಎಂದಿದ್ದ. ಅಂದಿನಿಂದ ಕರೆಂಟಿನ ಒಲೆ ಎಕ್ಸ್‌ಟೆನ್ಷನ್ ಬಾಕ್ಸಿನಲ್ಲೇ ಉರಿಯುತ್ತಿದೆ. ಇದನ್ನು ಕೇಳಿ ದೆಯಾನನ ಮುಖದ ನಗು ಇಳಿದುಹೋಯಿತು. ಒಲೆಯನ್ನು ಯಾರಾದರೂ ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕುತ್ತಾರೆಯೇ, ಈ ಶನಿವಾರವೇ ಬಂದು ಸರಿ ಮಾಡುತ್ತೇನೆ ಎಂದ. ಬೇಡ ಅಂದಳು.

ಚಳಿ ಕಳೆಯಿತು. ಮಾರ್ಚ್ ಬಂತು, ವಸಂತಕ್ಕೆ ಶುಭ ಕೋರಿ ಒಬ್ಬರಿಗೊಬ್ಬರು ಕಟ್ಟುವ ಕೆಂಪು ಬಿಳಿ ದಾರ ಎಲ್ಲರ ಕೈಗೂ ಬಂತು. ದೆಯಾನ್ ಕಟ್ಟಿಹೋದ ದಾರ ಗಲಿನಾಳ ಮಣಿಕಟ್ಟಿನಲ್ಲೂ ಇತ್ತು. ಹಾಗೊಂದು ಸಂಜೆ ಅವನು ಬಂದು, ಫೋನ್ ಚಾರ್ಜಿಗೆ ಹಾಕಿ, ಸಾಫ್ಟ್‌ವೇರ್ ತೆರೆಯದೆ ಒಂದು ಸುದ್ದಿ ಹೇಳಿದ. ವಾರ್ನಾದಲ್ಲಿ, ಸಮುದ್ರದ ದಂಡೆಯಲ್ಲಿ, ಒಂದು ದೊಡ್ಡ ಹೋಟೆಲಿನ ವೈರಿಂಗ್ ಕೆಲಸ ಸಿಕ್ಕಿದೆಯಂತೆ. ಸೋಮವಾರ ಹೊರಟರೆ ಬೇಸಿಗೆ ಮುಗಿಯುವವರೆಗೂ ಅಲ್ಲೇ. ಅಲ್ಲಿಂದ ಮುಂದೆ ಇನ್ನೂ ಹೋಟೆಲುಗಳಿವೆಯಂತೆ.

"ಹೋಗ್ಲಾ?" ಎಂದು ಕೇಳಿದ.

"ಒಳ್ಳೇದಲ್ವಾ, ಹೋಗಿ ಬನ್ನಿ," ಅಂದಳು.

ಅವನು ಅವಳ ಮುಖ ನೋಡಿದ. ಆಮೇಲೆ ಎದ್ದು, ಅರ್ಧಂಬರ್ಧ ಚಾರ್ಜಾದ ಫೋನನ್ನು ಕಿತ್ತುಕೊಂಡು ಹೊರಟ. ಬಾಗಿಲು ಮುಚ್ಚಿದ ಮೇಲೆ ಗಲಿನಾ ತನ್ನ ಒಳಗೆ ಹುಡುಕಿ ನೋಡಿದಳು. ಏನೂ ಇರಲಿಲ್ಲ. ಬೇಸರವೂ ಇಲ್ಲ. ಅವಳಿಗೆ ಮೊದಲ ಸಲ ಭಯವಾದದ್ದು ಆಗ. ಗಂಡ ಹೋದದ್ದಕ್ಕೆ ಅಳು ಬರದಿದ್ದರೆ ಹಾಳಾಗಲಿ. ಆದರೆ ಬಂದವನು ಬಾಗಿಲು ದಾಟಿ ಹೋಗುವಾಗಲೂ ನಾನು ಕಪಾಟಿನ ಅಳತೆ ನೋಡಿದ ಹಾಗೆ ನೋಡುತ್ತಾ ಕೂತರೆ, ಇನ್ನು ಮುಂದೆ ನನ್ನ ಬದುಕೆಲ್ಲ ಹೀಗೆಯೇ ಅಂದುಕೊಂಡಳು.

ಶನಿವಾರ ಮಧ್ಯಾಹ್ನ ಮನೆಯಲ್ಲಿ ಮೆಣಸಿನಕಾಯಿ ಸುಡುತ್ತಿದ್ದಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ಒಲೆ ಆರಿಸಿ, ಯೋಚಿಸದೆ ಎಕ್ಸ್‌ಟೆನ್ಷನ್ ಬಾಕ್ಸಿನ ಪ್ಲಗ್ ಹಿಡಿದು ಕಿತ್ತಳು. ಅದು ಕಾದ ಕಾವಲಿಯಾಗಿತ್ತು. ಎರಡು ಬೆರಳು ಚುರ್ರೆಂದವು.

ತಣ್ಣೀರಿನ ಕೆಳಗೆ ಕೈ ಹಿಡಿದು ನಿಂತಳು. ಬೆರಳು ಉರಿಯುತ್ತಿತ್ತು, ಚೆನ್ನಾಗಿ ಉರಿಯುತ್ತಿತ್ತು. ಇದನ್ನು ಯಾರಿಗಾದರೂ ಹೇಳಬೇಕು ಅನಿಸಿತು. ಯಾರಿಗಾದರೂ ಅಲ್ಲ, ದೆಯಾನನಿಗೆ. ಎಡಗೈಯಲ್ಲಿ ಫೋನ್ ಮಾಡಿದಳು. ಪುಣ್ಯಕ್ಕೆ ಅವನ ಫೋನಿನಲ್ಲಿ ಇನ್ನೂ ಜೀವ ಇತ್ತು.

"ಪ್ಲಗ್ ಬಿಸಿಯಾಗಿ ಕೈ ಸುಟ್ಕೊಂಡೆ," ಅಂದಳು. "ಉರೀತಿದೆ, ದೆಯಾನ್."

"ಮೇನ್ ಸ್ವಿಚ್ ಆರಿಸಿ. ಏನನ್ನೂ ಮುಟ್ಟಬೇಡಿ, ಬಂದೆ," ಅಂದ. ಅಷ್ಟರಲ್ಲಿ ಅವನ ಫೋನ್ ಸತ್ತಿತು.

ಸ್ತೆಫ್ಕಾಳಲ್ಲಿ ಮನೆಯ ಗುರುತು ಕೇಳಿಕೊಂಡು ಬಂದವನು ಚೀಲ ಇಳಿಸಿ ಮೊದಲು ಅವಳ ಕೈ ನೋಡಿದ. ಔಷಧಿ ಅಂಗಡಿಯಿಂದ ಮುಲಾಮು ತಂದಿದ್ದ. ಇಟ್ಟಿಗೆ, ಕಬ್ಬಿಣ ಹಿಡಿದು ಒರಟಾದ ಬೆರಳುಗಳು, ಆದರೆ ಮುಲಾಮು ಹಚ್ಚಿದ್ದು ಅವಳಿಗೆ ತಿಳಿಯಲೇ ಇಲ್ಲ, ಅಷ್ಟು ಮೆತ್ತಗೆ. ನೋಯುತ್ತಿದೆಯಾ ಎಂದು ತಲೆ ಎತ್ತದೆ ಕೇಳಿದ. ಹೌದು ಅನ್ನಲು ಬಾಯಿ ತೆರೆದಳು. ಎಷ್ಟೋ ಕಾಲದಿಂದ ಬರಬೇಕಾಗಿದ್ದ ಅಳು ಎರಡು ಬೆರಳಿನ ಗುಳ್ಳೆಯ ನೆಪದಲ್ಲಿ ಬಂದುಬಿಟ್ಟಿತು. ದೆಯಾನ್ ಮುಲಾಮಿನ ಮುಚ್ಚಳವನ್ನು ಕೈಯಲ್ಲಿ ತಿರುಗಿಸುತ್ತಾ ಪಕ್ಕದಲ್ಲೇ ಕೂತಿದ್ದ, ಅವಳು ಮೂಗು ಒರೆಸಿಕೊಳ್ಳುವವರೆಗೆ.

ಆಮೇಲೆ ಸ್ಕ್ರೂ ಬಿಚ್ಚಿ ಗೋಡೆಯ ಸಾಕೆಟ್ಟಿನ ಒಳಗೆ ನೋಡಿದ. ಕಟ್ಟಡದ ಹಳೆಯ ಅಲ್ಯೂಮಿನಿಯಂ ವೈರಿಗೆ ಹೊಸ ತಾಮ್ರದ ವೈರನ್ನು ಬರಿಗೈಯಲ್ಲಿ ಹುರಿ ಮಾಡಿ ಟೇಪು ಸುತ್ತಲಾಗಿತ್ತು. ಇವೆರಡನ್ನು ಹೀಗೆ ಸೇರಿಸಿದರೆ ಗಂಟು ಸಡಿಲವಾಗುತ್ತಾ, ಕಾಯುತ್ತಾ ಹೋಗುತ್ತದೆ, ಮಧ್ಯೆ ಸರಿಯಾದ ಕನೆಕ್ಟರ್ ಬೇಕು ಎಂದು ಹೇಳಿದ. ಇದನ್ನು ಮಾಡಿದ ವೆಸೆಲಿನ್‌ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವಳಿಗೇನೂ ಬೇಸರವಾಗುತ್ತಿರಲಿಲ್ಲ.

ಎಲ್ಲವನ್ನೂ ಹೊಸದಾಗಿ ಎಳೆಯಬೇಕು, ಹಾಗಾಗಿ ಮೊದಲು ನಕ್ಷೆ ಮಾಡಿ ಅಂದ. ಕರೆಂಟಿಲ್ಲದ ಮನೆಯಲ್ಲಿ ಗಲಿನಾ ಲ್ಯಾಪ್‌ಟಾಪ್ ತೆರೆದಳು. ಬೇರೆಯವರ ಅಡುಗೆಮನೆಯನ್ನು ಕಾಫಿ ಕುಡಿಯುವಷ್ಟರಲ್ಲಿ ಎಬ್ಬಿಸುವವಳಿಗೆ ತನ್ನದರಲ್ಲಿ ಒಂದು ಕಪಾಟು ಎಲ್ಲಿಡಬೇಕೆಂದು ತೋಚಲಿಲ್ಲ. ಬಾಲ್ಕನಿಯನ್ನು ಎಂದಿನಂತೆ ಮಲಗುವ ಕೋಣೆ ಎಂದು ಸುಳ್ಳು ಬರೆಯಲು ಹೋದಳು, ದೆಯಾನ್ ತಡೆದ.

"ಹಾಗೇ ಇರ್ಲಿ ಬಿಡಿ. ಹೊರಗಡೆ ಅಂದ್ಕೊಂಡ್ರೆ ಬಿಸಿಲಾದ್ರೂ ಬರತ್ತೆ."

ನಿಜ, ಚಾವಣಿಯಿಲ್ಲದ ಆ ಬಾಲ್ಕನಿಯ ತುಂಬ ಸಾಫ್ಟ್‌ವೇರಿನ ಬಿಸಿಲು ಬಿದ್ದಿತ್ತು. ಗಾಜಿನ ಆಚೆಯಿಂದ ನಿಜವಾದದ್ದೂ ಬೀಳುತ್ತಿತ್ತು.

ಪೆನ್ಸಿಲ್ ಹಿಡಿದು ಗೋಡೆಯ ಹತ್ತಿರ ಹೋದ. ಗೋಡೆಯನ್ನೇ ನೋಡುತ್ತಾ, ಅವಳ ಕಡೆ ತಿರುಗದೆ ಒಂದೊಂದಾಗಿ ಕೇಳತೊಡಗಿದ. ಕಾಫಿ ಮಾಡುವಾಗ ಎಲ್ಲಿ ನಿಲ್ಲುತ್ತೀರಿ, ಎಡಕ್ಕೋ ಬಲಕ್ಕೋ. ಬ್ರೆಡ್ ಸುಡುವ ಯಂತ್ರ ಎಲ್ಲಿ. ಸಂಜೆ ದೀಪ ಯಾವ ಮೂಲೆಯಲ್ಲಿ ಬೇಕು. ಅವಳು ಹೇಳಿದ ಕಡೆಯೆಲ್ಲ ಗುರುತು ಹಾಕುತ್ತಾ ಹೋದ. ಊಟದ ಮೇಜಿನ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು.

"ಇಲ್ಲಿ ಒಂದು ಪಾಯಿಂಟ್ ಸಾಕಲ್ವಾ? ನಿಮ್ಮೊಬ್ಬರಿಗೇ ತಾನೆ."

ಗಲಿನಾಳ ಬೆರಳು ಇನ್ನೂ ಉರಿಯುತ್ತಿತ್ತು, ಎದೆಯೂ. ಸೋಮವಾರ ಇವನು ಹೋಗುತ್ತಾನೆ ಎಂಬುದು ಆಗ ಅವಳಿಗೆ ನಿಜವಾಗಿ ನೋವು ಕೊಟ್ಟಿತು. ನೋಯುತ್ತಿದೆ ಎಂದು ತಿಳಿದು ಅವಳಿಗೆ ಸಂತೋಷವಾಯಿತು, ಹುಚ್ಚು ಸಂತೋಷ.

"ಎರಡು ಹಾಕು," ಅಂದಳು.

"ಇನ್ನೊಂದು ಯಾಕೆ?"

"ನಿನ್ನ ಫೋನ್‌ಗೆ."

ಪೆನ್ಸಿಲ್ ಗೋಡೆಯ ಮೇಲೆಯೇ ಇತ್ತು. ದೆಯಾನನ ಕಿವಿ ಕೆಂಪಾಗುವುದನ್ನು ಅವಳು ನೋಡಿದಳು. ಈ ಸಲ ಬರೀ ನೋಡಲಿಲ್ಲ. ಅವನು ಮೊದಲ ಗುರುತಿನ ಪಕ್ಕದಲ್ಲಿ ಇನ್ನೊಂದನ್ನು ಹಾಕಿದ, ಪೆನ್ಸಿಲಿನ ಮೊನೆ ಮುರಿಯುವಷ್ಟು ಒತ್ತಿ. ಆಮೇಲೆ ಜೇಬು ತಡಕಿ ತನ್ನ ಫೋನ್ ತೆಗೆದು, ಅದು ಸತ್ತಿರುವುದನ್ನು ನೋಡಿ, ಕೈ ಚಾಚಿದ. ಅವಳು ತನ್ನ ಫೋನ್ ಕೊಟ್ಟಳು.

ವಾರ್ನಾದ ಮೇಸ್ತ್ರಿಗೆ ಅವನು ಹೆಚ್ಚೇನೂ ಹೇಳಲಿಲ್ಲ. "ಸೋಮವಾರ ಆಗಲ್ಲ ಅಣ್ಣಾ. ಇಲ್ಲೊಂದು ಅಡುಗೆಮನೆ ಅರ್ಧಕ್ಕೇ ನಿಂತಿದೆ, ಪೂರ್ತಿ ಮಾಡದೆ ಬರಲ್ಲ." ಆ ಕಡೆಯಿಂದ ಯಾವಾಗ ಮುಗಿಯುತ್ತದೆ ಎಂದು ಕೇಳಿರಬೇಕು. ಅವನು ಗಲಿನಾಳ ಕಡೆ ತಿರುಗಿ ಹುಬ್ಬೇರಿಸಿದ. ಗಲಿನಾ, ಗೊತ್ತಿಲ್ಲ ಎಂಬಂತೆ, ಮುಲಾಮು ಹಚ್ಚಿದ ಕೈಯನ್ನು ಆಡಿಸಿದಳು.

"ಗೊತ್ತಿಲ್ಲವಂತೆ," ಅಂದ ದೆಯಾನ್ ಫೋನಿನೊಳಗೆ, ಮತ್ತು ಇಬ್ಬರೂ ಕರೆಂಟಿಲ್ಲದ ಆ ಅರ್ಧ ಅಡುಗೆಮನೆಯಲ್ಲಿ ನಕ್ಕರು.