ಸೂರ್ಯನ ಅಪರಾಧಕ್ಕೆ ಅವನ ಸಹಿ

"ಪೆಟ್ಟಿಗೆ ತೆಗೆದಿದ್ದು ನೀವೇ ತಾನೆ?"

ವಿಶ್ವಕಿರಣಗಳ ಅಧ್ಯಯನ ಕೇಂದ್ರಕ್ಕೆ ವೀಕ್ಷಕಿಯಾಗಿ ಸೇರಿ ಮೂರು ತಿಂಗಳಾಗಿದ್ದರೂ, ಆ ಟೆಕ್ನಿಷಿಯನ್‌ನೊಡನೆ ಅವಳಾಡಿದ ಮೊದಲ ಮಾತೇ ಇದು. ಅಲ್ಲಿಯವರೆಗೆ ಕದ್ದು ನೋಡಿದ್ದಳು, ಅಷ್ಟೇ...

ಆಗಸದಿಂದಿಳಿಯುವ ನ್ಯೂಟ್ರಾನ್ ಕಣಗಳನ್ನು ಅಹೋರಾತ್ರಿ ಎಣಿಸುವ ಯಂತ್ರವು ಬೆಳಿಗ್ಗೆ ಹತ್ತು ನಲವತ್ತಕ್ಕೆ ಇದ್ದಕ್ಕಿದ್ದಂತೆ ಒಂದೂವರೆಪಟ್ಟು ಎಣಿಸಿತ್ತು. ಯಂತ್ರದ ಪರೀಕ್ಷೆಗೆಂದು ಇಟ್ಟಿರುವ ವಿಕಿರಣ ಸೂಸುವ ತುಣುಕನ್ನು ಯಾರೋ ಹತ್ತಿರ ತಂದಿದ್ದಾರೆಂದೇ ಅವಳೆಣಿಕೆ. ಅದರ ಪೆಟ್ಟಿಗೆಗೆ ಎರಡೇ ಕೀಲಿ: ಒಂದು ಅವಳದು, ಇನ್ನೊಂದು ಅವನದು. ಹೇಳದೆ ತೆರೆದವರಿಗೆ ಕೆಲಸದಿಂದ ವಜಾ.

ಅವನು ಕ್ಷಣಕಾಲ ಅವಳನ್ನು ದಿಟ್ಟಿಸಿದ.

"ಹ್ಞೂಂ, ನಾನೇ. ತಪ್ಪೊಪ್ಪಿಗೆ ಕಾಗದ ಕೊಡಿ, ಸಹಿ ಹಾಕ್ತೀನಿ."

ಅವಳಿಗೆ ಸಿಡಿಲೆರಗಿದಂತಾಯಿತು. ಇಷ್ಟು ಸಲೀಸಾಗಿ ಒಪ್ಪಿಬಿಟ್ಟನೇ...? ಅಳು ನುಂಗಿಕೊಂಡು, ಅವನು ಸಹಿ ಹಾಕಿದ ಪತ್ರವನ್ನು ನಿರ್ದೇಶಕರಿಗೊಪ್ಪಿಸಿದಳು.

ಗಂಟೆ ಕಳೆಯುವಷ್ಟರಲ್ಲಿ ದೂರದ ಇನ್ನೊಂದು ಕೇಂದ್ರದಿಂದ ಹಿರಿಯ ವೀಕ್ಷಕಿಯ ಫೋನು.

"ಹತ್ತು ನಲವತ್ತಕ್ಕೆ ನಿಮ್ಮಲ್ಲೂ ಎಣಿಕೆ ಏರಿತೇನೇ? ನಮ್ಮದು ಹುಚ್ಚುಕುದುರೆ ಥರ ಓಡ್ತು. ಸೂರ್ಯ ಸಿಡಿದಿದ್ದಾನೆ ಕಣೇ! ಇಪ್ಪತ್ತು ವರ್ಷದಲ್ಲಿ ನಾನು ನೋಡಿದ್ದು ಎರಡೇ ಸಲ. ನೀನು ಬಂದು ಬರೀ ಮೂರು ತಿಂಗಳು... ಪುಣ್ಯವಂತೆ ಬಿಡು."

ಸೂರ್ಯಜ್ವಾಲೆಯ ಕಣಗಳು ವಾಯುಮಂಡಲಕ್ಕೆ ಅಪ್ಪಳಿಸಿ, ಅವುಗಳ ಚೂರುಗಳು ನೆಲ ಮುಟ್ಟಿದ್ದವು; ಯಂತ್ರ ಎಣಿಸಿದ್ದು ಅವನ್ನೇ!

ಹಾಗಾದರೆ ಅವನೇಕೆ...?

ನಿರ್ದೇಶಕರ ಕೋಣೆಗೆ ಧಾವಿಸಿ ವಿಷಯ ತಿಳಿಸಿ, ಪತ್ರವನ್ನು ಹಿಂಪಡೆದು ಕಾರ್ಯಾಗಾರಕ್ಕೆ ಓಡಿದಳು. ಅವನು ಉಪಕರಣಗಳನ್ನು ಚೀಲಕ್ಕೆ ತುಂಬುತ್ತಿದ್ದ.

"ನೀವು ಆ ಪೆಟ್ಟಿಗೆ ಮುಟ್ಟೇ ಇಲ್ಲ!"

"ಇಲ್ಲ."

"ಮತ್ತೆ ಸಹಿ ಯಾಕೆ ಹಾಕಿದ್ರಿ?"

"ಇರೋದು ಎರಡೇ ಕೀಲಿ. ನಾನಲ್ಲ ಅಂದ್ಮೇಲೆ ನೀವೇ. ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ. ಹೆದರ್ಕೊಂಡು ನನ್ನ ಮೇಲೆ ಹಾಕ್ತಿದ್ದೀರಿ ಅನ್ಕೊಂಡೆ."

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಅಷ್ಟು ಕೆಟ್ಟವಳು ಅನ್ಕೊಂಡೂ...?"

"ಅನ್ಕೊಂಡೂ."

ಅವಳ ಕಣ್ಣು ತುಂಬಿತು. ಮೂರು ತಿಂಗಳು ಕದ್ದು ನೋಡಿದ್ದು ತಾನೊಬ್ಬಳೇ ಅಲ್ಲವೇನೋ...

"ಸೂರ್ಯ ಸಿಡಿದಿದ್ದಾನಂತೆ. ನಮ್ಮಿಬ್ಬರದೂ ತಪ್ಪಿಲ್ಲ," ಎಂದು ಪತ್ರವನ್ನು ಹರಿದಳು. "ಸೂರ್ಯನಿಗೇ ನೋಟಿಸ್ ಕೊಡೋಣ್ವಾ ಅಂತ ಸಾಹೇಬ್ರು ನಕ್ಕರು."

"ನೀವು ನಗಲಿಲ್ವಾ?"

"ನನಗೆ ಅಳು ಬಂತು. ಅಷ್ಟರಲ್ಲಿ ನೀವು ಹೊರಟೇಬಿಟ್ಟಿದ್ರೆ ಅಂತ..."

ಅವನು ಚೀಲವನ್ನು ಮೆಲ್ಲನೆ ನೆಲಕ್ಕಿಳಿಸಿದ.

"ಬಾಗಿಲವರೆಗೆ ಎರಡು ಸಲ ಹೋಗಿ ಬಂದೆ. ನಿಮ್ಮನ್ನ ಒಂದ್ಸಲ ನೋಡ್ದೆ ಹೋಗೋಕೆ ಆಗ್ಲಿಲ್ಲ."