ಒಂದು ಈಡಿನ ಮದ್ದು

ಪಟೇಲ ಮುದ್ದಯ್ಯನ ಮೀಸೆಯನ್ನು ಸುಡಬೇಕೆಂಬ ತೀರ್ಮಾನಕ್ಕೆ ಮರಿಸಿದ್ದಯ್ಯ ಸಿಟ್ಟಿನಲ್ಲಿ ಬಂದವನಲ್ಲ. ಸಿಟ್ಟು ಯುಗಾದಿಯ ಹೊತ್ತಿಗೇ ಬಂದು ಆರಿಹೋಗಿತ್ತು. ಆರಿದ ಮೇಲೆ ಉಳಿದದ್ದು ಯೋಚನೆ. ಯೋಚನೆಯೇ ತನ್ನ ಬಲವೆಂದು ಅವನು ಬಹಳ ಕಾಲದಿಂದ ನಂಬಿದ್ದ.

ಕಾರಣ ಹೇಳಿಕೊಳ್ಳುವಂಥದ್ದೂ ಅಲ್ಲ, ಮರೆಯುವಂಥದ್ದೂ ಅಲ್ಲ. ಚಿಕ್ಕರಸಿನಕೆರೆಯ ತಿಮ್ಮಯ್ಯನ ಮಗಳು ಬೆಳ್ಳಮ್ಮನನ್ನು ನೋಡಲು ಹೋಗುವಾಗ, ಊರಿನ ಹಿರಿಯನೆಂದು ಹಲಗೂರಿನ ಪಟೇಲನನ್ನೂ ಕರೆದುಕೊಂಡು ಹೋಗಿದ್ದರು. ಮಾತು ಚೆನ್ನಾಗಿಯೇ ನಡೆದಿತ್ತು. ಹುಡುಗ ಓದು ಬರಹ ಬಲ್ಲವನು, ಶಿವನಸಮುದ್ರದ ಕರೆಂಟು ಸ್ಟೇಷನ್ನಿನ ರಿಪೇರಿ ಷೆಡ್ಡಿನಲ್ಲಿ ಫಿಟ್ಟರು. ತಿಮ್ಮಯ್ಯ ತಲೆದೂಗುತ್ತಿದ್ದ. ಅಷ್ಟರಲ್ಲಿ ಮುದ್ದಯ್ಯ, ನಿಂಬೆಹಣ್ಣು ನಿಲ್ಲಿಸಬಹುದಾದಂಥ ತನ್ನ ಮೀಸೆಯ ತುದಿ ತಿರುವಿದ.

"ಉಡ್ಗ ಬಂಗಾರ ಕಣ್ ತಿಮ್ಮಯ್ಯ. ಮೀಸೆ ಒಂದು ಇನ್ನೂ ಬಂದಿಲ್ಲ. ಮದ್ದೂರ್ ತಾವ ಬಸ್ಸು ಕಾಯ್ತಾ ಕುಂತದೆ ಅಂತ ಕಾಣ್ತದೆ."

ಜಗಲಿಯೆಲ್ಲ ನಕ್ಕಿತು. ಅದನ್ನು ಸಹಿಸಬಹುದಿತ್ತು. ಒಳಬಾಗಿಲ ಹಿಂದಿನಿಂದ ಬಳೆಯ ಸದ್ದಿನ ಜೊತೆ ಬಂದ ಇನ್ನೊಂದು ನಗುವನ್ನು ಸಹಿಸುವುದು ಹೇಗೆ? ತಿಮ್ಮಯ್ಯ ಕಣ್ಣೊರೆಸಿಕೊಂಡು, "ಅದೂ ಬರ್ಲಿ ಬುಡಿ. ಆಯುಧ ಪೂಜೆಗೆ ನಿಮ್ಮೂರ್ಗೇ ಬತ್ತೀವಿ, ಆಗ ಮಾತಾಡವ" ಎಂದ.

ಮರಿಸಿದ್ದಯ್ಯ ಮೀಸೆ ಬಿಟ್ಟ. ಅದು ಬೆಳೆಯುವವರೆಗೆ ಓದಿದ. ಇಂಗ್ಲಿಷಿನಿಂದ ಇಳಿಸಿದ ಪತ್ತೇದಾರಿ ಕಾದಂಬರಿಗಳನ್ನು ಮೈಸೂರಿನಿಂದ ತರಿಸಿಕೊಂಡು ಒಂದಾದ ಮೇಲೊಂದು ಮುಗಿಸಿದ. ಅವುಗಳಲ್ಲಿ ಸಿಕ್ಕಿಬಿದ್ದವರೆಲ್ಲ ಒಂದೇ ತಪ್ಪು ಮಾಡಿದ್ದರು: ಏನನ್ನಾದರೂ ಮಾಡಿದ್ದರು. ವಿಷ ಬೆರೆಸಿದವನ ಬೆರಳಲ್ಲಿ ವಾಸನೆ ಉಳಿಯುತ್ತದೆ. ಹಗ್ಗ ಕೊಯ್ದವನ ಚಾಕುವಿಗೆ ನಾರು ಅಂಟುತ್ತದೆ. ಮಾಡಿದ ಕೆಲಸಕ್ಕೆ ಗುರುತುಂಟು. ಮಾಡದೆ ಬಿಟ್ಟ ಕೆಲಸಕ್ಕೆ?

ಈ ಪ್ರಶ್ನೆಯ ಉತ್ತರ ಪಟೇಲನ ಮನೆಯ ತೊಲೆಯಲ್ಲಿ ನೇತಾಡುತ್ತಿತ್ತು. ಅದು ಮುದ್ದಯ್ಯನ ತಾತನ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ಗಜವೆಂಬ ಸಲಾಕೆಯಿಂದ ಜಡಿದು, ಹಿಂದುಗಡೆಯ ಕಿರುಗೊಳವೆಯ ಮೇಲೆ ಕಿಡಿ ಹೊತ್ತಿಸುವ ತಾಮ್ರದ ಕೇಪಿಟ್ಟು ಹೊಡೆಯುವಂಥದ್ದು. ಪ್ರತಿ ಆಯುಧ ಪೂಜೆಗೂ ಪಟ್ಟಲದಮ್ಮನ ಗುಡಿಯ ಮುಂದೆ ಗಾಳಿಗೆ ಒಂದು ಈಡು ಹಾರಿಸುವುದು ಪಟೇಲನ ಹಕ್ಕು. ಕೋವಿಯನ್ನು ಬೇರೆಯವರ ಕೈಯಲ್ಲಿ ಮರಿಸಿದ್ದಯ್ಯ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೋದ ವರ್ಷ ಮಾತ್ರ ಅದು ಢಮ್ಮೆನ್ನದೆ ಪುಸ್ಸೆಂದಿತ್ತು. ಕಿರುಗೊಳವೆಯ ತೂತು ಸವೆದು ಅಗಲವಾಗಿದ್ದರಿಂದ ಬೆಂಕಿ ಹಿಂದಕ್ಕೆ ಹಾರಿ ಪಟೇಲನ ರುಮಾಲಿನ ಅಂಚು ಕಂದಿಸಿತ್ತು. ಹಳೆಯ ಕೋವಿಯೆಂಬ ಅಳುಕಿನಿಂದ ಅದನ್ನು ಮುಖದಿಂದ ಮೊಳದಷ್ಟು ದೂರ ಹಿಡಿದಿದ್ದ, ಮೀಸೆ ಬಚಾವಾಯಿತು.

ಒಂದು ಮೊಳ. ಇಡೀ ಯೋಜನೆ ಆ ಮೊಳವನ್ನು ಇಲ್ಲವಾಗಿಸುವುದರಲ್ಲಿತ್ತು.

"ಕೊಡಿ ಪಟೇಲ್ರೆ, ನಾನು ಸರಿ ಮಾಡ್ಕೊಡ್ತೀನಿ."

"ಕರೆಂಟ್ನೋನ್ಗೆ ಕೋವಿ ಯಾಕ್ಲಾ?" ಎಂದು ಮುದ್ದಯ್ಯ ಅವನ ಮೇಲ್ದುಟಿಯನ್ನು ದಿಟ್ಟಿಸಿದ. "ಓ, ಬಸ್ಸು ಒಂಟದೆ ಕಣ್ಲಾ! ಮಳವಳ್ಳಿ ದಾಟ್ಬುಟ್ಟದೆ. ತಗಂಡೋಗು."

ನಗುವುದನ್ನು ಮರಿಸಿದ್ದಯ್ಯ ಕಾದಂಬರಿಗಳಿಂದಲೇ ಕಲಿತಿದ್ದ. ನಕ್ಕ.

ಭಾನುವಾರಗಳೆಲ್ಲ ಹಿತ್ತಿಲಲ್ಲಿ ಕಳೆದವು. ನಳಿಗೆಗೆ ಸೀಮೆಎಣ್ಣೆ ಕುಡಿಸಿ, ಇಟ್ಟಿಗೆ ಪುಡಿಯಲ್ಲಿ ಉಜ್ಜಿದ. ಗಜದ ತುದಿಗೆ ಬಟ್ಟೆ ಸುತ್ತಿ ಒಳಗಿನ ತುಕ್ಕನ್ನೆಲ್ಲ ಎಳೆದ; ಅದು ಕೆಂಪಗೆ, ತಾಂಬೂಲದ ಉಗುಳಿನಂತೆ ಬಂತು. ಹಿತ್ತಾಳೆಯ ಪಟ್ಟಿಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದಾಗ ಕಿಲುಬಿನ ಕೆಳಗೆ ಕೆತ್ತಿದ ಸಣ್ಣ ನವಿಲೊಂದು ಕಾಣಿಸಿಕೊಂಡಿತು. ಅದು ಅಲ್ಲಿರುವುದು ಪಟೇಲನಿಗೇ ಗೊತ್ತಿರಲಾರದು. ಮರದ ಹಿಡಿಯ ಮೇಲೆ ಮೂರು ತಲೆಮಾರಿನ ಜಿಡ್ಡು ಕಪ್ಪಗೆ ಕೂತಿತ್ತು. ಗಾಜಿನ ಚೂರಿನಿಂದ ಹೆರೆದರೆ ಒಳಗೆ ಬೀಟೆ ಮರ, ನೀರಿನ ಸುಳಿಯಂಥ ಎಳೆ. ಅವನಿಗೆ ಒಂದು ಗಳಿಗೆ ತಾನು ಅಪರಾಧಿಯೆಂಬುದೇ ಮರೆತುಹೋಯಿತು.

ಅದರಲ್ಲೂ ತಪ್ಪಿರಲಿಲ್ಲ. ಅಂದ ಹೆಚ್ಚಿದಷ್ಟೂ ನಂಬಿಕೆ ಹೆಚ್ಚುತ್ತದೆ, ನಂಬಿಕೆ ಹೆಚ್ಚಿದಷ್ಟೂ ಮುಖ ಹತ್ತಿರ ಬರುತ್ತದೆ. ಅಗಸೆ ಎಣ್ಣೆಯನ್ನು ಅಂಗೈ ಬಿಸಿಯಾಗುವವರೆಗೆ ತಿಕ್ಕಿ, ನೆರಳಲ್ಲಿ ಒಣಗಿಸಿ, ಮತ್ತೆ ತಿಕ್ಕಿದ. ಕೆನ್ನೆ ಒರಗುವ ಜಾಗಕ್ಕೆ ಹೆಚ್ಚು ಹೊತ್ತು ಕೊಟ್ಟ. ಕೋವಿಯನ್ನು ಯಾರೇ ಎತ್ತಿದರೂ ಕೆನ್ನೆ ತಾನಾಗಿ ಹೋಗಿ ಅಲ್ಲಿ ಒರಗಬೇಕು. ಅಂಗೈಯಲ್ಲಿ ಉಳಿದ ಎಣ್ಣೆಯನ್ನು ಮೀಸೆಗೆ ಒರೆಸಿಕೊಂಡ. ಅದಕ್ಕೂ ಹೊಳಪು ಬಂತು.

"ಏನ್ಲಾ, ಕೋವಿಗೂ ಅದೇ ಎಣ್ಣೆ, ಮೀಸೆಗೂ ಅದೇ ಎಣ್ಣೆ?" ಎಂದಳು ತಾಯಿ ಮಾಯಮ್ಮ.

"ಎರಡೂ ಒಂದೇ ಕೆಲ್ಸಕ್ಕೆ ಕಣವ್ವ."

ಸವೆದ ಕಿರುಗೊಳವೆಯನ್ನು ಮಾತ್ರ ಅವನು ಮುಟ್ಟಲಿಲ್ಲ. ಇಷ್ಟೇ ಅಪರಾಧ. ಹಾಗೆಂದು ಹೊಸದನ್ನು ಮಾಡದೆ ಇರಲೂ ಕಸುಬು ಬಿಡಲಿಲ್ಲ. ಷೆಡ್ಡಿನಲ್ಲಿ ಉಕ್ಕಿನ ತುಂಡೊಂದನ್ನು ಕಡೆದು, ಸೂಜಿಯಷ್ಟೇ ತೂತು ಕೊರೆದು, ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡ. ಅನಾಹುತವಾದ ಮರುದಿನ, ಬೋಳು ಮುಖದ ಪಟೇಲನ ಮುಂದೆ ಕೂತು, "ಅಯ್ಯೋ, ಇದೊಂದು ಕಣ್ತಪ್ಪಿಹೋಗಿತ್ತಲ್ಲ" ಎಂದು ಅದನ್ನು ಕೂರಿಸಿಕೊಡುವುದು, ಪಟೇಲನಿಂದಲೇ ಕೃತಜ್ಞತೆ ಪಡೆಯುವುದು ಯೋಜನೆಯ ಕೊನೆಯ ಭಾಗ. ಯಾವ ಕಾದಂಬರಿಯವನಿಗೂ ಇಷ್ಟು ದೂರ ಹೊಳೆದಿರಲಿಲ್ಲ.

ಅವನು ಎಣ್ಣೆ ಒಣಗಿಸುತ್ತಿದ್ದ ಒಂದು ಮಧ್ಯಾಹ್ನ ಬೀದಿಯಲ್ಲಿ ಹೊಸ ಎತ್ತಿನ ಗಾಡಿಯೊಂದು ಹಳ್ಳದ ಕಡೆ ಇಳಿಯಿತು. ಮಾಲೀಕ ಮುಂದೆ ನಡೆಯುತ್ತಿದ್ದ. ಗಾಡಿಯೊಳಗೆ ಕೊರಳಿಗೆ ಹಾರ ಹಾಕಿಸಿಕೊಂಡು ಒಬ್ಬನೇ ಕೂತಿದ್ದವನು ಅದನ್ನು ಮಾಡಿದ ಬಡಗಿ ಮಾದಯ್ಯ.

"ದಾಟುದ್ರೆ ನನ್ ಪುಣ್ಯ, ಮುರುದ್ರೆ ನನ್ ಅಲ್ಲು ಕಣಪ್ಪೋ!" ಎಂದು ಅವನು ಎರಡೂ ಕೈಯಲ್ಲಿ ಗಾಡಿಯ ಅಂಚು ಹಿಡಿದು ಕೂಗಿದ. ಮಕ್ಕಳು ಹಿಂದೆ ಓಡಿದವು. ಎಂಥ ಹಳ್ಳಿ ಪದ್ಧತಿಗಳೋ ಎಂದುಕೊಂಡು ಮರಿಸಿದ್ದಯ್ಯ, ಹಸಿ ಎಣ್ಣೆಯ ಮೇಲೆ ಧೂಳು ಕೂರದಂತೆ ಕೋವಿಗೆ ಪಂಚೆ ಮುಚ್ಚಿದ.

ಉಳಿದದ್ದು ಒಂದೇ ಭಯ. ಪಟೇಲ ಹಬ್ಬಕ್ಕೆ ಮೊದಲೇ ಹೊಡೆದು ನೋಡಿಬಿಟ್ಟರೆ? ಹೊಲದಲ್ಲಿ ಯಾರೂ ಇಲ್ಲದಾಗ ಮೀಸೆ ಸುಟ್ಟರೆ ಏನು ಬಂತು? ಕೋವಿ ಒಪ್ಪಿಸಿದ ದಿನ ಪಟೇಲ ನವಿಲಿನ ಮೇಲೆ ಬಹಳ ಹೊತ್ತು ಬೆರಳಾಡಿಸಿದ. ಆಮೇಲೆ ತಾನಾಗಿಯೇ ಆ ಭಯವನ್ನೂ ಕಳೆದ.

"ಯುದ್ದ ಸುರುವಾದ್ಮೇಲೆ ಮದ್ದೇ ಸಿಗಾಕಿಲ್ಲ ಕಣ್ಲಾ. ಒಂದ್ ಈಡ್ಗೆ ಆಗೋಸ್ಟು ಮಡಗಿವ್ನಿ. ನೋಡೋದು ಗೀಡೋದು ಎಲ್ಲಾ ಅಮ್ಮನ್ ಮುಂದೇನೇಯ."

ಮರಿಸಿದ್ದಯ್ಯನಿಗೆ ಅಂದು ಒಳ್ಳೆಯ ನಿದ್ದೆ ಬಂತು.

ಆಯುಧ ಪೂಜೆಯ ಬೆಳಿಗ್ಗೆ ಗುಡಿಯ ಮುಂದೆ ನೇಗಿಲು, ಕುಡುಗೋಲು, ಅವನದೇ ಸ್ಪ್ಯಾನರುಗಳು ಎಲ್ಲವೂ ಕುಂಕುಮ ಹಚ್ಚಿಕೊಂಡು ಸಾಲಾಗಿದ್ದವು. ತಿಮ್ಮಯ್ಯ ಹೇಳಿದಂತೆಯೇ ಬಂದಿದ್ದ. ಹೊಂಗೆಯ ನೆರಳಲ್ಲಿ, ಹಲಗೂರಿನಲ್ಲಿದ್ದ ತನ್ನ ಸೋದರತ್ತೆಯ ಹಿಂದೆ ಬೆಳ್ಳಮ್ಮ ನಿಂತಿದ್ದಳು. ಅವಳ ಕಣ್ಣು ಮರಿಸಿದ್ದಯ್ಯನ ಮೀಸೆಯ ಮೇಲೆ ಒಮ್ಮೆ ನಿಂತು, ಕೆಳಗಿಳಿಯಿತು. ನಗಲಿಲ್ಲ. ಅರ್ಧ ಕೆಲಸ ಆಯಿತು ಎಂದುಕೊಂಡ. ಇನ್ನರ್ಧ ಪಟೇಲನ ಕೈಯಲ್ಲಿತ್ತು.

ಮುದ್ದಯ್ಯ ಕೂಡಿಟ್ಟ ಮದ್ದನ್ನೆಲ್ಲ ಸುರಿದ. ಜಡಿದ. ಕೇಪಿಟ್ಟ. ಕೋವಿಯನ್ನು ಎತ್ತಿ ಹಿಡಿದಾಗ ಬೀಟೆಯ ಹೊಳಪಿಗೆ ಜನರ ಬಾಯಲ್ಲಿ ಒಂದು ಉದ್ಗಾರ ಹೊರಟಿತು. ಪಟೇಲನ ಕೆನ್ನೆ ತಾನಾಗಿ ಹೋಗಿ ಹಿಡಿಗೆ ಒರಗಿತು. ಮೊಳ ಇಲ್ಲವಾಯಿತು. ಮರಿಸಿದ್ದಯ್ಯ ಅಯ್ಯೋ ಎನ್ನಲು ಮುಖ ಸಜ್ಜು ಮಾಡಿಕೊಂಡ.

ಪಟೇಲ ಕೋವಿ ಇಳಿಸಿದ. "ಎಂಗ್ ಕುಂತ್ಕತದಪ್ಪಾ ಕೆನ್ನೆಗೆ!" ಎಂದು ಮೆಚ್ಚಿ, ಅಮ್ಮನ ಮೇಲಿನ ಹಾರವೊಂದನ್ನು ತೆಗೆದುಕೊಂಡು ನೇರವಾಗಿ ಮರಿಸಿದ್ದಯ್ಯನ ಬಳಿ ಬಂದು ಕೊರಳಿಗೆ ಹಾಕಿದ. "ತಿಮ್ಮಯ್ಯ, ಅವತ್ತು ಬಾಯ್ ಜಾರಿ ಏನೋ ಅಂದ್ಬುಟ್ಟೆ. ನೋಡ್ಕೊ, ಬಸ್ಸು ಬಂದದೆ! ತಗೊಳ್ಲಾ, ಒಡಿ. ಸರಿ ಮಾಡ್ದೋನ್ದೇ ಮೊದಲ್ನೇ ಈಡು. ನಮ್ ತಾತನ್ ಕಾಲ್ದಿಂದ್ಲೂ ಅಂಗೇಯ. ನೀನ್ ನೋಡಿರಾಕಿಲ್ಲ, ನೀನ್ ಉಟ್ಟಿದ್ಮೇಲೆ ಇದು ರಿಪೇರಿಗೇ ಓಗಿರ್ಲಿಲ್ವಲ್ಲ." ಗುಂಪಿನಲ್ಲಿ ಬಡಗಿ ಮಾದಯ್ಯ ತನ್ನ ಹಲ್ಲುಗಳನ್ನು ತೋರಿಸಿ ನಕ್ಕ. ಮರಿಸಿದ್ದಯ್ಯ ಕೋವಿಯನ್ನು ಮುಖದಿಂದ ಮೊಳದಷ್ಟು ದೂರ ಹಿಡಿದು ನಿಂತ. "ಕೆನ್ನೆಗಿಟ್ಟು ಒಡಿಯಪ್ಪ, ಗಂಡ್ಸಲ್ವಾ!" ಎಂದು ತಿಮ್ಮಯ್ಯ ಕೂಗಿದ. ಹೊಂಗೆಯ ನೆರಳಲ್ಲಿ ಬಳೆಗಳು ಕಾಯುತ್ತಿದ್ದವು. ಹೊಸ ಕಿರುಗೊಳವೆ ಜೇಬಿನಲ್ಲಿ ಎದೆಗೆ ಒತ್ತುತ್ತಿತ್ತು; ಅದನ್ನು ಕೂರಿಸುವ ಸ್ಪ್ಯಾನರು ಕುಂಕುಮ ಹಚ್ಚಿಕೊಂಡು ಅಮ್ಮನ ಪಾದದ ಬಳಿ ಇತ್ತು. ಅವನು ಕಣ್ಣು ಮುಚ್ಚಿದ. ಅಷ್ಟು ನುಣುಪಾಗಿ ತಿಕ್ಕಿದ ಜಾಗಕ್ಕೆ ಕೆನ್ನೆ ತಾನಾಗಿ ಹೋಗಿ ಒರಗಿತು. ಕೋವಿಯಿಂದಲೂ ಮೀಸೆಯಿಂದಲೂ ಒಂದೇ ಅಗಸೆ ಎಣ್ಣೆಯ ವಾಸನೆ ಬಂತು.