ಕೆಸರು ಚಿಮ್ಮಿದ ಮಧ್ಯಾಹ್ನ

ರುದ್ರಪ್ಪ ಹಳ್ಳದಲ್ಲಿ ಮುಳುಗಿ ಸತ್ತಿದ್ದ. ಆದರೆ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರಲಿಲ್ಲ.

ಕಳಸ ಠಾಣೆಯ ಸಬ್‌ಇನ್‌ಸ್ಪೆಕ್ಟರ್ ಧನ್ಯಾ ಬಂಡೆಯ ಮೇಲೆ ನಿಂತು ನೋಡಿದಳು. ಐವತ್ತು ದಾಟಿದ ಗಟ್ಟಿ ಆಳು. ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿದ್ದ. ತಲೆಗೆ ಪೆಟ್ಟು ಬಿದ್ದಿತ್ತು. ಮೂಗು, ಬಾಯಿ, ಅಂಗಿಯ ಜೇಬು, ಎಲ್ಲೆಡೆ ಕೆಂಪು ಕೆಸರು. ಬೆಳಿಗ್ಗೆ ಹುಡುಕಲು ಬಂದ ಊರವರಿಗೆ ಮೊದಲು ಕಂಡದ್ದು ಅವನ ಬಿಳಿ ಅಂಗಿ.

“ನಿನ್ನೆ ಪಂಪ್ ಹತ್ರ ಬಂದವರು ಕಾಲು ಜಾರಿ ಬಿದ್ದಿರ್ಬೇಕು ಮೇಡಂ,” ಅಂದ ಕಾನ್‌ಸ್ಟೇಬಲ್ ನಾಗೇಶ.

“ಅವರ ಪಂಪ್‌ಸೆಟ್ ಎಲ್ಲಿದೆ?”

“ಮೇಲೆ. ಆ ತಿರುವಿನ ಆಚೆ.”

“ಅಲ್ಲಿ ಬಿದ್ದವರು ಇಲ್ಲಿಗೆ ಹೇಗೆ ಬಂದ್ರು ಮಾರಾಯ? ಹೊತ್ತು ತಂದವರು ಯಾರು?”

ನಾಗೇಶ ಮೇಲಿನ ತಿರುವಿನತ್ತ ನೋಡಿದ. ಧನ್ಯಾ ಬಂಡೆಯ ಪಕ್ಕಕ್ಕೆ ಕೈ ತೋರಿಸಿದಳು. ಸೊಂಟದ ಮಟ್ಟದಲ್ಲಿ ತರಗೆಲೆ, ಕಡ್ಡಿಗಳು ಗೆರೆ ಎಳೆದ ಹಾಗೆ ಅಂಟಿಕೊಂಡಿದ್ದವು. ಇನ್ನೂ ಒದ್ದೆ.

“ಇಲ್ಲಿಗೆ ಮಳೆ ಬಂದು ಎಷ್ಟು ಕಾಲ ಆಯ್ತು?”

“ದೀಪಾವಳಿ ಕಳೆದ ಮೇಲೆ ಹನಿ ಬಿದ್ದಿಲ್ಲ.”

ಶವ ಕಳಸದ ಆಸ್ಪತ್ರೆಗೆ ಹೋಯಿತು. ನೀರಲ್ಲಿ ಉಸಿರುಗಟ್ಟಿಯೇ ಸತ್ತಿದ್ದು ಎಂದು ಮಧ್ಯಾಹ್ನದ ಹೊತ್ತಿಗೆ ಡಾಕ್ಟರು ಫೋನ್ ಮಾಡಿದರು.

*

ರುದ್ರಪ್ಪನ ಮನೆಯಲ್ಲಿ ಜನ ತುಂಬಿದ್ದರು. ಹೆಂಡತಿ ಕೃಷ್ಣಮ್ಮ ಗೋಡೆಗೆ ಒರಗಿ ಕೂತಿದ್ದಳು. ಬಂದವರಿಗೆಲ್ಲ ಕಾಫಿ ಕೊಡುತ್ತಿದ್ದವನು ಶಶಿಧರ್, ಹಳ್ಳದ ಮೇಲಿನ ಸಣ್ಣ ವಿದ್ಯುತ್ ಘಟಕದ ಆಪರೇಟರ್. ಮೂರನೇ ಕ್ಲಾಸಿನಿಂದ ರುದ್ರಪ್ಪನ ಜೊತೆಗಾರ. ಘಟಕಕ್ಕೆ ತನ್ನ ಎರಡು ಎಕರೆ ಬಿಟ್ಟುಕೊಟ್ಟು ಅದೇ ಘಟಕದಲ್ಲಿ ಕೆಲಸ ಹಿಡಿದವನು.

“ನೀರು ಬಿಡೋದು ನೀವಾ?” ಧನ್ಯಾ ಕೇಳಿದಳು.

“ಹೌದು ಮೇಡಂ. ಸಂಜೆ ಆರಕ್ಕೆ. ಸೈರನ್ ಕೂಗಿಸಿ ಬಿಡ್ತೇವೆ.”

“ಹಗಲು ಯಾಕಿಲ್ಲ?”

“ಹಗಲು ಕರೆಂಟ್ ಯಾರಿಗೆ ಬೇಕು ಹೇಳಿ? ಬಯಲುಸೀಮೆ ಸೋಲಾರ್‌ದೇ ಬೇಕಾದಷ್ಟು ಬರ್ತದೆ. ನಮ್ಮ ಹಳೇ ಒಪ್ಪಂದ ಮುಗೀತು. ಸೂರ್ಯ ಮುಳುಗಿದ ಮೇಲೆ ಕೊಟ್ರೆ ಮಾತ್ರ ಬೆಲೆ ಅಂತ ಹೊಸ ನಿಯಮ. ಅದಕ್ಕೆ ಹಗಲು ನೀರನ್ನ ಕಟ್ಟೆಯಲ್ಲಿ ನಿಲ್ಲಿಸಿ ಸಂಜೆ ಟರ್ಬೈನ್ ಓಡಿಸ್ತೇವೆ.”

“ನಿಲ್ಲಿಸೋಕೆ ಪರವಾನಗಿ ಇದ್ಯಾ?”

ಶಶಿಧರ್ ಲೋಟಗಳನ್ನು ಜೋಡಿಸಿಕೊಂಡ. “ಅದನ್ನ ಘಟಕದ ಧಣಿಗಳನ್ನ ಕೇಳ್ಬೇಕು.”

ಪರವಾನಗಿ ಇರಲಿಲ್ಲ. ಬಂದ ನೀರನ್ನು ಬಂದ ಹಾಗೇ ಬಿಡಬೇಕು ಎಂಬ ಷರತ್ತಿನ ಮೇಲೆ ಕಟ್ಟಿದ ಘಟಕ ಅದು. ಕೃಷ್ಣಮ್ಮನೇ ಹೇಳಿದಳು.

“ತೋಟದ ಪಂಪಿಗೆ ತ್ರೀ ಫೇಸ್ ಕರೆಂಟ್ ಕೊಡೋದು ಹಗಲು ಮಾತ್ರ, ಸೋಲಾರ್ ಇರುವಾಗ. ನಾಲ್ಕಕ್ಕೆ ತೆಗೀತಾರೆ. ನೀರು ಬರೋದು ಆರಕ್ಕೆ. ಕರೆಂಟ್ ಇದ್ದಾಗ ನೀರಿಲ್ಲ, ನೀರಿದ್ದಾಗ ಕರೆಂಟಿಲ್ಲ. ಕಾಫಿ ಮೊಗ್ಗು ಒಣಗ್ತಾ ಉಂಟು. ಇವ್ರು ಮೇಲಿನವರಿಗೆ ದೂರು ಕೊಟ್ಟಿದ್ರು. ಇವತ್ತು ಬೆಳಿಗ್ಗೆ ಆಫೀಸರುಗಳು ಕಟ್ಟೆ ನೋಡೋಕೆ ಬರೋರಿದ್ರು.”

“ಬಂದ್ರಾ?”

“ಬಂದ್ರಂತೆ. ಕಟ್ಟೆ ಖಾಲಿ ಇತ್ತಂತೆ. ಹೋದ್ರಂತೆ.”

“ನಿನ್ನೆ ಯಜಮಾನ್ರು ಹಳ್ಳಕ್ಕೆ ಹೋಗಿದ್ದು ಯಾವಾಗ?”

“ಊಟ ಆದ ಮೇಲೆ. ಶಶಿಧರಣ್ಣನೇ ಫೋನ್ ಮಾಡಿದ್ರು. ಆರರವರೆಗೆ ನೀರು ಬಿಡಲ್ಲ, ಅಷ್ಟರಲ್ಲಿ ಪಂಪಿನ ಹೊಂಡ ಆಳ ಮಾಡ್ಕೋ, ಬಸಿ ನೀರಾದ್ರೂ ಸಿಗ್ತದೆ ಅಂತ. ದೂರು ಕೊಟ್ರೂ ಸಿಟ್ಟು ಮಾಡ್ಕೊಳ್ಳಲಿಲ್ಲ ನೋಡಿ.”

“ಸೈರನ್ ಕೇಳಿಸ್ತಾ?”

“ಕೇಳಿಸ್ತು. ಆರಕ್ಕೆ, ದಿನದ ಹಾಗೆ. ದೀಪ ಹಚ್ಚಿ ಕಾದೆ. ಬರಲಿಲ್ಲ.”

ಗುಂಪಿನಿಂದ ಯಾರೋ ಸಿದ್ದಬಸಪ್ಪನ ಹೆಸರೆತ್ತಿದರು. ಕಳಸದ ವ್ಯಾಪಾರಿ, ಪಕ್ಕದ ತೋಟದ ಯಜಮಾನ. ಹೋದ ವಾರ ರುದ್ರಪ್ಪನ ಪೈಪು ಕತ್ತರಿಸಿದ್ದ. ಪೇಟೆಯ ನಡುವೆ ನಿಂತು, ಹಳ್ಳದಲ್ಲೇ ಹೂಳ್ತೀನಿ ಅಂದಿದ್ದ.

*

ಸಿದ್ದಬಸಪ್ಪ ಅಂಗಡಿಯ ಗಲ್ಲಾದ ಹಿಂದೆ ಬೆವರುತ್ತಿದ್ದ.

“ಪೈಪು ಕತ್ತರಿಸಿದ್ದು ನಾನೇ. ಮಾರನೇ ದಿನವೇ ಅವನು ಜೋಡಿಸಿಕೊಂಡ. ಇರೋ ಒಂದು ಬೊಗಸೆ ನೀರನ್ನ ಅವನೊಬ್ಬನೇ ಎಳೆದ್ರೆ ನನ್ನ ಗಿಡಕ್ಕೆ ಎಂತ ಹಾಕೋದು? ಆದ್ರೆ ನಿನ್ನೆ ನಾನು ಊರಲ್ಲೇ ಇರಲಿಲ್ಲ. ಹೊರನಾಡಲ್ಲಿ ಮೊಮ್ಮಗಳ ತುಲಾಭಾರ.”

“ಸಾಕ್ಷಿ?”

“ಇಡೀ ನೆಂಟರಿಷ್ಟರು. ಕತ್ತಲಾದ ಮೇಲೇ ವಾಪಸ್ಸು.” ಆತ ಒರಟಾಗಿ ಕಣ್ಣೊರೆಸಿಕೊಂಡ. “ಬಾಯಿಗೆ ಬಂದ ಹಾಗೆ ಅಂದೆ. ಈಗ ಅವನ ಹೆಣಕ್ಕೆ ಹೆಗಲು ಕೊಡೋಕೂ ಮುಖ ಇಲ್ಲ.”

ನಾಗೇಶ ಹೊರನಾಡಿಗೆ ಹೋಗಿ ಕೇಳಿ ಬಂದ. ಮಾತು ನಿಜ. ಅಷ್ಟು ಜನ ಒಂದೇ ಸುಳ್ಳು ಹೇಳುವುದು ಸಾಧ್ಯವಿರಲಿಲ್ಲ.

“ಹಾಗಾದ್ರೆ ಆರು ಗಂಟೆ ನೀರಿಗೆ ಸಿಕ್ಕಿದ್ದು ಅಷ್ಟೇ ಮೇಡಂ,” ಅಂದ ನಾಗೇಶ. “ಸೈರನ್ ಕೇಳಿಸದೇ ಇದ್ದಿರ್ಬಹುದು.”

“ಮನೆಯೊಳಗೆ ಕೂತ ಕೃಷ್ಣಮ್ಮನಿಗೆ ಕೇಳಿಸ್ತು. ಹಳ್ಳದಲ್ಲಿ ಇದ್ದವರಿಗೆ ಕೇಳಿಸಲ್ವಾ?”

*

ಮರುದಿನ ಧನ್ಯಾ ಒಬ್ಬಳೇ ರುದ್ರಪ್ಪನ ತೋಟ ಹತ್ತಿದಳು. ಅವಳದ್ದೂ ಗೋಣಿಬೀಡಿನ ಕಾಫಿ ಮನೆತನ. ಗಿಡ ನೋಡದೆ ಮುಂದೆ ಹೋಗುವ ಅಭ್ಯಾಸವಿಲ್ಲ. ಮೇಲಿನ ಸಾಲುಗಳಲ್ಲಿ ಮೊಗ್ಗು ಬಾಡಿ ಕಂದಿತ್ತು. ನಡುವಿನ ಸಾಲಿಗೆ ಬಂದಾಗ ನಿಂತಳು.

ಎಲೆಗಳ ಮೇಲೆ ಕೆಂಪು ಕೆಸರು.

ಧೂಳಲ್ಲ. ಚುಕ್ಕೆ ಚುಕ್ಕೆಯಾಗಿ ಬಿದ್ದು ಒಣಗಿದ ಕೆಸರು. ಸ್ಪ್ರಿಂಕ್ಲರ್ ನಿಂತಿದ್ದ ಜಾಗದ ಸುತ್ತ ವೃತ್ತವಾಗಿ ಚಿಮ್ಮಿತ್ತು. ಸ್ಪ್ರಿಂಕ್ಲರ್‌ನ ಬಾಯಿಗೆ ಬೆರಳು ಹಾಕಿದಳು. ಉಗುರಿಗೆ ಕೆಂಪು ಹೂಳು ಹತ್ತಿತು.

ಅದನ್ನು ಕರವಸ್ತ್ರಕ್ಕೆ ಒರೆಸಿ ಮಡಿಸಿಟ್ಟುಕೊಂಡಳು. ಆಮೇಲೆ ನಾಗೇಶನಿಗೆ ಫೋನ್ ಮಾಡಿದಳು. “ಕಟ್ಟೆ ಹತ್ರ ಬಾ. ಶಶಿಧರ್‌ನೂ ಕರ್ಕೊಂಡು ಬಾ.”

*

ಕಟ್ಟೆಯ ಮೇಲೆ ನಿಂತರೆ ಕೆಳಗಿನ ಹಳ್ಳ ಪೂರ್ತಿ ಕಾಣುತ್ತಿತ್ತು. ರುದ್ರಪ್ಪ ತೋಡುತ್ತಿದ್ದ ಹೊಂಡವೂ.

“ಟರ್ಬೈನಿಗೆ ಹೋಗೋ ನೀರು ಹೇಗಿರುತ್ತೆ ಶಶಿಧರ್? ತಿಳಿಯಾ, ಕೆಸರಾ?”

“ತಿಳಿ ಮೇಡಂ. ಕೆಸರು ಹೋದ್ರೆ ಯಂತ್ರ ಹಾಳಾಗ್ತದೆ. ಹೂಳೆಲ್ಲ ಕಟ್ಟೆಯ ತಳದಲ್ಲೇ ಕೂರ್ತದೆ.”

“ಅದನ್ನ ಹೊರಗೆ ಹಾಕೋದು?”

“ಕೆಳಗಿನ ಗೇಟು. ಚಕ್ರ ತಿರುಗಿಸಿ ಕೈಯಲ್ಲೇ ಎತ್ತಬೇಕು. ಮಳೆಗಾಲದಲ್ಲಿ ಮಾತ್ರ.”

“ಅದಕ್ಕೂ ಸೈರನ್ ಕೂಗಿಸ್ತೀರಾ?”

ಶಶಿಧರ್ ಸೊಂಟದ ಬೀಗದ ಕೈ ಗೊಂಚಲು ಹಿಡಿದುಕೊಂಡ.

“ಮೊನ್ನೆ ಕೂಗಿಸಲಿಲ್ಲ. ಊರಿಗೆ ಕೇಳಿಸಿದ್ದು ಆರರ ಸೈರನ್ ಒಂದೇ.” ಧನ್ಯಾ ಗೇಟಿನ ಚಕ್ರ ಮುಟ್ಟಿ ಕೈ ತೋರಿಸಿದಳು. ಹೊಸ ಗ್ರೀಸು. “ರುದ್ರಪ್ಪನವರ ಬಾಯಲ್ಲಿ ಇದ್ದದ್ದು ಹೂಳು. ಅವರನ್ನ ಕೊಚ್ಚಿಕೊಂಡು ಹೋದ ನೀರು ಟರ್ಬೈನ್‌ದಲ್ಲ, ಈ ಗೇಟಿಂದು. ಅದೇ ಕೆಸರು ತೋಟದ ಎಲೆ ಮೇಲೂ ಇದೆ. ಅಂದ್ರೆ ನೀರು ನುಗ್ಗಿದಾಗ ಅವರ ಪಂಪ್ ಓಡ್ತಿತ್ತು. ಪಂಪಿಗೆ ಕರೆಂಟ್ ಇರೋದು ನಾಲ್ಕರವರೆಗೆ. ನೀವು ಆರಕ್ಕೆ ಅಂತೀರಿ.”

ಗಾಳಿ ಇರಲಿಲ್ಲ. ಕೆಳಗೆ ಎಲ್ಲೋ ಒಂದು ಕೀಟ ಒಂದೇ ಸಮನೆ ಕಿರುಗುಟ್ಟುತ್ತಿತ್ತು. ಧನ್ಯಾ ಮುಂದುವರಿಸಿದಳು.

“ಆರಕ್ಕೆ ಕಟ್ಟೆಯಲ್ಲಿ ನೀರೇ ಇರಲಿಲ್ಲ. ಸೈರನ್ ಕೂಗಿಸಿದ್ದು ನೀರಿಗಲ್ಲ, ಊರನ್ನ ನಂಬಿಸೋಕೆ. ಈ ಗೇಟಿನ ಬೀಗದ ಕೈ ಯಾರ ಹತ್ರ ಇದೆ?”

ಶಶಿಧರ್ ಸೊಂಟದ ಗೊಂಚಲು ಬಿಚ್ಚಿ ಕಟ್ಟೆಯ ಮೇಲಿಟ್ಟ. ಪಕ್ಕದಲ್ಲೇ ಕೂತ.

“ಹೊಂಡ ತೋಡು ಅಂತ ಹೇಳಿದಾಗ ಒಳ್ಳೇ ಮನಸ್ಸಲ್ಲೇ ಹೇಳಿದ್ದೆ ಮೇಡಂ. ದೇವರಾಣೆ. ಆಮೇಲೆ ಧಣಿಗಳ ಫೋನ್ ಬಂತು. ಬೆಳಿಗ್ಗೆ ಆಫೀಸರು ಬರ್ತಾರೆ, ಟರ್ಬೈನಿಂದ ಬಿಟ್ರೆ ತಳದಲ್ಲಿ ನೀರು ಉಳೀತದೆ, ಈಗಲೇ ಕೆಳಗಿನ ಗೇಟು ಎತ್ತಿ ಕಟ್ಟೆ ಖಾಲಿ ಮಾಡು, ಸೈರನ್ ಬೇಡ ಅಂದ್ರು. ಚಕ್ರಕ್ಕೆ ಗ್ರೀಸ್ ಹಾಕಿದೆ. ಬಗ್ಗಿ ನೋಡಿದ್ರೆ ಕೆಳಗೆ ಅವನು.”

“ಕಂಡ್ರಾ?”

“ಬಿಳಿ ಅಂಗಿ. ಬಗ್ಗಿ ಮಣ್ಣು ತೆಗೀತಿದ್ದ. ಪಕ್ಕದಲ್ಲಿ ಪಂಪ್ ಓಡ್ತಿತ್ತು. ಫೋನ್ ನನ್ನ ಕೈಯಲ್ಲೇ ಇತ್ತು. ಹಳ್ಳಕ್ಕೆ ಇಳಿದು ಕೂಗಿದ್ರೂ ಕೇಳಿಸ್ತಿತ್ತು.” ಅವನು ಅಂಗೈ ನೋಡಿಕೊಂಡ. “ಇವನು ದೂರು ಬಿಡೋನಲ್ಲ ಅನ್ನಿಸ್ತು. ಈ ಸಲ ಕಟ್ಟೆ ಖಾಲಿ ತೋರಿಸಬಹುದು. ಮತ್ತೆ ಬರೆಯೋನು, ಮತ್ತೆ ಬರೋರು. ಘಟಕ ಮುಚ್ಚಿದ್ರೆ ಈ ವಯಸ್ಸಲ್ಲಿ ನಾನೆಲ್ಲಿ ಹೋಗ್ಲಿ? ಜಾಗವೂ ಕೊಟ್ಟಾಯ್ತು. ಚಕ್ರ ತಿರುಗಿಸಿದೆ. ಕೂಗಲಿಲ್ಲ.”

“ಅವರು ತಿರುಗಿ ನೋಡಿದ್ರಾ?”

“ನೋಡಿದ. ಕೈ ಎತ್ತಿದ. ನನ್ನನ್ನ ಕರೀತಿದ್ದಾನೆ ಅಂದ್ಕೊಂಡೆ. ಇಲ್ಲ. ನಿಲ್ಸು ಅಂತಿದ್ದ.”

ನಾಗೇಶ ಮುಖ ಆ ಕಡೆ ತಿರುಗಿಸಿದ.

*

ಘಟಕದ ಮಾಲೀಕ ಬಸವಪ್ರಸಾದ್ ಚಿಕ್ಕಮಗಳೂರಿನ ಮನೆಯಿಂದಲೇ ಫೋನಿನಲ್ಲಿ ಮಾತಾಡಿದ. ಸ್ವರದಲ್ಲಿ ಆತಂಕವಿರಲಿಲ್ಲ.

“ನೀರು ಬಿಡು ಅಂದೆ ಮೇಡಂ. ಜನ ಇದ್ರೂ ಬಿಡು ಅನ್ನಲಿಲ್ಲ. ಸೈರನ್ ಬೇಡ ಅಂದೆ ಅನ್ನೋದಕ್ಕೆ ಏನಿದೆ? ಅವನ ಬಾಯಿ ಮಾತು. ನಮ್ಮ ವಕೀಲರು ನಿಮ್ಮನ್ನ ಕಾಣ್ತಾರೆ.”

“ನೀರು ಹಿಡಿದಿಟ್ಟಿದ್ದು ತಪ್ಪಲ್ವಾ?”

“ಅಧಿಕಾರಿಗಳು ಬಂದು ನೋಡಿದ್ದಾರಲ್ಲ? ಕಟ್ಟೆ ಖಾಲಿ ಅಂತ ಅವರೇ ಬರ್ಕೊಂಡು ಹೋಗಿದ್ದಾರೆ.” ಒಂದು ಕ್ಷಣ ತಡೆದು ಸೇರಿಸಿದ, “ಇನ್ನು ಅದರ ಮಾತೇ ಬೇಡ ಬಿಡಿ. ಸಂಜೆ ಕರೆಂಟಿನ ಹರಾಜಲ್ಲಿ ನಾವು ಹೋದ ತಿಂಗಳೇ ಸೋತಿದ್ದೇವೆ. ಹಗಲಿನ ಸೋಲಾರ್ ಕರೆಂಟನ್ನ ಬ್ಯಾಟರಿಯಲ್ಲಿ ಕೂಡಿಟ್ಟವರು ನಮಗಿಂತ ಕಡಿಮೆ ಬೆಲೆಗೆ ಹಿಡಿದ್ರು. ಈ ತಿಂಗಳ ಕೊನೆಗೆ ಘಟಕ ಮುಚ್ತೇವೆ. ಯಂತ್ರ ಗುಜರಿಗೆ ಮಾತಾಡಿ ಆಯ್ತು.”

“ಶಶಿಧರ್‌ಗೆ ಗೊತ್ತಿತ್ತಾ?”

“ಮೊದಲೇ ಹೇಳಿದ್ರೆ ಅವನು ಕೆಲಸ ಬಿಟ್ಟು ಹೋಗ್ತಿದ್ದ. ಕೊನೇ ದಿನದವರೆಗೆ ಆಳು ಬೇಕಲ್ಲ.”

ಅವನ ಹೆಸರನ್ನೂ ದೂರಿನಲ್ಲಿ ಸೇರಿಸುವುದಾಗಿ ಧನ್ಯಾ ಹೇಳಿದಳು. ಸೇರಿಸಿ, ಅಂದ. ಅದು ಎಲ್ಲಿಯವರೆಗೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಜೀಪು ರುದ್ರಪ್ಪನ ಮನೆಯ ಮುಂದೆ ನಿಂತಿತು. ಧನ್ಯಾ ಒಳಗೆ ಹೋಗಿ ಕೃಷ್ಣಮ್ಮನಿಗೆ ಎಲ್ಲ ಹೇಳಿದಳು. ಕೃಷ್ಣಮ್ಮ ಅಳಲಿಲ್ಲ, ಬೈಯಲಿಲ್ಲ. ಬಾಗಿಲಿಗೆ ಬಂದು ಜೀಪಿನೊಳಗೆ ಕೂತವನನ್ನು ನೋಡಿದಳು. “ನಿನ್ನೆ ಇಡೀ ನನ್ನ ಪಕ್ಕದಲ್ಲೇ ಕೂತಿದ್ರಲ್ಲ,” ಎಂದಷ್ಟೇ ಅಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಕಳಸದ ದಾರಿಯಲ್ಲಿ ಶಶಿಧರ್ ತಲೆ ಎತ್ತಿದ.

“ನಾಳೆಯಿಂದ ಘಟಕ ನೋಡೋರು ಯಾರು ಮೇಡಂ? ಬೇರಿಂಗಿಗೆ ಎಣ್ಣೆ ಬಿಡದೆ ಓಡಿಸಿದ್ರೆ ಸುಟ್ಟು ಹೋಗ್ತದೆ.”

ಹೇಳಬಾರದೆಂದುಕೊಂಡಿದ್ದಳು ಧನ್ಯಾ. ಆದರೂ ಹೇಳಿದಳು. ಹರಾಜು ಸೋತದ್ದು, ಹೋದ ತಿಂಗಳೇ ಸೋತದ್ದು, ಗುಜರಿಯವರ ಮಾತು.

ಅವನು ಕಿಟಕಿಯ ಕಡೆ ತಿರುಗಿದ. ಬಾಡಿದ ಕಾಫಿ ಗಿಡಗಳ ಸಾಲು ಹಿಂದೆ ಸರಿಯುತ್ತಿತ್ತು.

“ಮೊದಲೇ ಗೊತ್ತಿದ್ದಿದ್ರೆ,” ಅಂದ, “ಕೂಗ್ತಿದ್ದೆ ಮೇಡಂ.”